ನಾಲ್ಕನೇ ಗ್ಯಾಂಗಿನ ಇಂಟು ಗುರುತು

ಬಿರುಗಾಳಿ ಬಂದುಹೋದ ಹನ್ನೊಂದನೆಯ ದಿನ, ಮಂಗಳವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕೀಲಿಕೈ ಮಾಡುವವನೊಬ್ಬ ಠಾಣೆಗೆ ಬಂದು ತನ್ನ ಗೂಡಂಗಡಿ ಕಳುವಾಗಿದೆ ಎಂದು ದೂರು ಕೊಟ್ಟ. ಅಂಗಡಿಯೊಳಗಿನ ಸಾಮಾನು ಹೋಗಿರಬೇಕೆಂದುಕೊಂಡ ರೈಟರಮ್ಮ, ಏನೇನು ಹೋಯಿತು ಹೇಳಿ ಎಂದು ಪೆನ್ನು ತೆರೆದಳು. ಸಾಮಾನಲ್ಲ, ಅಂಗಡಿಯೇ ಹೋಗಿದೆ ಎಂದ ಅವನು. ತಗಡಿನ ಅಂಗಡಿ, ಆರಡಿ ಉದ್ದ, ನಾಲ್ಕಡಿ ಅಗಲ, ಹಸಿರು ಬಣ್ಣ. ಗಾಳಿ ಬೀಸಿದ ಮಾರನೇ ದಿನವೇ ಹೆಂಡತಿಯ ತವರಿಗೆ ಹೋಗಿ ಮಾವನ ಮನೆಯ ಸೂರು ರಿಪೇರಿಗೆ ನಿಂತವನು ಇವತ್ತು ಬಂದು ನೋಡಿದರೆ, ಇಳಿಜಾರು ರಸ್ತೆಯ ಅಂಚಿನಲ್ಲಿ ಅಂಗಡಿಯಿದ್ದ ಕಡೆ ಒಂದು ಚೌಕ ಒಣ ಮಣ್ಣು ಮಾತ್ರ ಉಳಿದಿತ್ತು.

“ಮೂರು ಬೀಗ ಹಾಕಿದ್ದೆ ಸಾರ್. ಮೂರೂ ನಾನೇ ಮಾಡಿದ್ದು. ಬೇರೆ ಯಾರ ಕೈಲೂ ತೆಗೆಯೋಕಾಗಲ್ಲ.”

“ತೆಗೆದಿಲ್ಲವಲ್ಲಪ್ಪ,” ಎಂದರು ಇನ್ಸ್‌ಪೆಕ್ಟರ್. “ಬೀಗದ ಸಮೇತ ತಗೊಂಡು ಹೋಗಿದಾರೆ.”

ಇನ್ಸ್‌ಪೆಕ್ಟರರಿಗೆ ಐವತ್ತೆರಡು ವರ್ಷ. ಮಂಡಿ ನೋವು ಬಿಟ್ಟರೆ ಹೇಳಿಕೊಳ್ಳುವಂಥ ಶತ್ರುಗಳಿರಲಿಲ್ಲ. ಯೋಚನೆ ಮಾಡುವಾಗ ಕಡತ ಕಟ್ಟುವ ಕೆಂಪು ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಅವರ ಅಭ್ಯಾಸ. ಹನ್ನೊಂದು ದಿನದಿಂದ ಮುರಿದ ಹೆಂಚು, ಬಿದ್ದ ಕಾಂಪೌಂಡು, ಅಕ್ಕಪಕ್ಕದವರ ಜಗಳ ಇವುಗಳನ್ನೇ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದವು. ಇಡೀ ಅಂಗಡಿಯೇ ಮಾಯವಾದ ಸುದ್ದಿ ಕೇಳಿ ಅವರಿಗೆ ಹುರುಪು ಬಂತು. ಅದನ್ನು ಮುಖದಲ್ಲಿ ತೋರಿಸಿಕೊಳ್ಳದೆ, ಎಫ್‌ಐಆರ್ ದಾಖಲಿಸಲು ರೈಟರಮ್ಮನಿಗೆ ಹೇಳಿ, ದಫೇದಾರರನ್ನು ಕರೆದುಕೊಂಡು ಹೊರಟರು. ಅಪರಾಧ ಸಂಖ್ಯೆ ನೂರಾ ಹದಿನಾಲ್ಕು, ಸಮಯ ಒಂಬತ್ತು ಮೂವತ್ತೈದು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಪಂಚರಾಗಿ ಎದುರಿನ ಸೈಕಲ್ ರಿಪೇರಿಯವನೂ ಹಾಲಿನ ಅಂಗಡಿಯವನೂ ಸಿಕ್ಕರು. ದಫೇದಾರರು ದಪ್ಪ ಮೈಯ, ನಿಧಾನ ನಡೆಯ, ಸುಂದರ ಅಕ್ಷರದ ಮನುಷ್ಯ. ‘ಸದರಿ ಸ್ಥಳದಲ್ಲಿ ಏನೂ ಇರುವುದಿಲ್ಲ’ ಎಂದು ಬರೆದು, ಮುಂದೇನು ಬರೆಯುವುದೆಂದು ತಲೆ ಕೆರೆದುಕೊಂಡರು. ಅಷ್ಟರಲ್ಲಿ ಸೈಕಲ್‌ನವನು ತಾನಾಗಿಯೇ ಬಾಯಿಬಿಟ್ಟ. ಅಂಗಡಿ ಹೋದದ್ದು ನಿನ್ನೆ ಹನ್ನೊಂದು ಗಂಟೆಗೆ, ಹಾಡಹಗಲಲ್ಲಿ. ನಗರಸಭೆಯ ಲಾರಿ ಬಂತು, ಪಂಜದ ಯಂತ್ರ ಬಂತು, ಅಂಗಡಿಯನ್ನು ಎತ್ತಿ ಲಾರಿಗೆ ಹಾಕಿಕೊಂಡು ಹೋಯಿತು. ಅಂಗಡಿಯ ಮೇಲೆ ಕಿತ್ತಳೆ ಬಣ್ಣದ ಇಂಟು ಗುರುತಿತ್ತು. ಇಂಟು ಗುರುತಿದ್ದರೆ ಎತ್ತುವುದು ಈಗ ಊರಿಗೇ ಗೊತ್ತಿರುವ ಸಂಗತಿ.

“ನೀನು ಸುಮ್ಮನೆ ನೋಡ್ತಾ ನಿಂತಿದ್ದೆಯಾ?” ಎಂದು ಕೇಳಿದರು ಇನ್ಸ್‌ಪೆಕ್ಟರ್.

“ಇಲ್ಲ ಸಾರ್. ಆ ಕಡೆ ಈ ಕಡೆ ಗಾಡಿಗಳನ್ನ ನಿಲ್ಲಿಸಿ ಜಾಗ ಮಾಡಿಕೊಟ್ಟೆ.”

ಕೀಲಿಕೈಯವನು ಅವನನ್ನು ಒಂದು ನೋಟ ನೋಡಿದ. ಆ ನೋಟವನ್ನು ಪಂಚನಾಮೆಯಲ್ಲಿ ಬರೆಯುವಂತಿರಲಿಲ್ಲ.

ಊರ ಹೊರಗಿನ ಮೈದಾನದಲ್ಲಿ ಬಿರುಗಾಳಿ ಮುರಿದದ್ದೆಲ್ಲ ಬಂದು ಬೀಳುತ್ತಿತ್ತು. ಕೊಂಬೆಗಳದೊಂದು ಗುಡ್ಡ, ತಗಡಿನದೊಂದು ಗುಡ್ಡ, ಇಟ್ಟಿಗೆ ಚೂರಿನದೊಂದು ಗುಡ್ಡ; ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಫ್ರಿಜ್ಜುಗಳು, ಕಾಲಿಲ್ಲದ ಮಂಚಗಳು. ನಡುವೆ ಮರದ ಅಟ್ಟಣಿಗೆ. ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಮೇಲ್ವಿಚಾರಕಿ ಕೂತಿದ್ದಳು. ಎಂಟು ಗ್ಯಾಂಗು, ಹದಿನಾರು ಲಾರಿ, ನೂರೈವತ್ತು ಜನ ಅವಳ ಕೈಕೆಳಗೆ. ಒಳಗೆ ಬರುವ ಪ್ರತಿ ಲಾರಿಯ ಹೊಟ್ಟೆಯೊಳಗೆ ಮೇಲಿನಿಂದ ಇಣುಕಿ ನೋಡಿ, ಯಾವ ಗುಡ್ಡಕ್ಕೆ ಹೋಗಬೇಕೆಂದು ಕೈ ತೋರಿಸುತ್ತಿದ್ದಳು. ಪೊಲೀಸ್ ಜೀಪನ್ನು ನೋಡಿಯೂ ಅಭ್ಯಾಸಬಲದಿಂದ ತಗಡಿನ ಗುಡ್ಡದ ಕಡೆ ಕೈ ತೋರಿಸಿ, ಆಮೇಲೆ ನಾಲಿಗೆ ಕಚ್ಚಿಕೊಂಡು ಇಳಿದು ಬಂದಳು.

ಅಂಗಡಿ ತಗಡಿನ ಗುಡ್ಡದ ಬುಡದಲ್ಲೇ ಸಿಕ್ಕಿತು. ಹಿಂದಿನ ತಗಡು ಪೂರ್ತಿ ಕಿತ್ತುಹೋಗಿತ್ತು, ಒಂದು ಮಗ್ಗುಲು ಅಪ್ಪಚ್ಚಿಯಾಗಿತ್ತು. ಮುಂದಿನ ಮೂರು ಬೀಗಗಳು ಮಾತ್ರ ಹಾಕಿದ ಹಾಗೇ ಇದ್ದವು. ಹಿಂದಿನಿಂದ ಆನೆಯೇ ಹೋಗಬಹುದಿತ್ತು; ಆದರೂ ಕೀಲಿಕೈಯವನು ಮುಂದಕ್ಕೆ ಬಂದು, ಮೂರು ಬೀಗವನ್ನೂ ಒಂದೊಂದಾಗಿ ತೆಗೆದೇ ಒಳಗೆ ಹೋದ. ಅರ, ಇಕ್ಕಳ, ಅಚ್ಚುಗಳು ಎಲ್ಲ ಇದ್ದವು. ಅವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತ.

ಇನ್ಸ್‌ಪೆಕ್ಟರ್ ಮೇಲ್ವಿಚಾರಕಿಯ ಕಡೆ ತಿರುಗಿ, ಕೇಳದೆ ಮಾಡದೆ ಹೀಗೆ ಎತ್ತುವುದೇ ಎಂದರು.

“ಮೊದಲೆರಡು ದಿನ ಕೇಳಿಕೊಂಡೇ ಎತ್ತಿದ್ವಿ ಸಾರ್. ದಿನಕ್ಕೆ ಅರ್ಧ ಬೀದಿ ಆಗ್ತಿತ್ತು. ಈ ಕೊಂಬೆ ಬಿಡಿ, ಆ ಬಾಗಿಲು ಒಳಗಿಟ್ಟು ಹೋಗಿ, ಪಕ್ಕದವರದ್ದು ಮೊದಲು ಯಾಕೆ ಎತ್ತಿದ್ರಿ. ಅದಕ್ಕೇ ಮಾತು ನಿಲ್ಲಿಸಿದೆ.”

ಅವಳು ಮಾಡಿದ ನಿಯಮ ಸರಳವಾಗಿತ್ತು. ಪ್ರತಿ ಗ್ಯಾಂಗಿಗೂ ಒಬ್ಬ ಗುರುತಿನವನು. ಹಿಂದಿನ ದಿನವೇ ಬೀದಿ ಸುತ್ತಿ, ಯಾವುದು ಕೆಟ್ಟಿದೆ, ಯಾವುದು ದಾರಿಗಡ್ಡ ಎಂದು ನೋಡಿ, ಕಿತ್ತಳೆ ಬಣ್ಣದಲ್ಲಿ ಇಂಟು ಹಾಕಿ ಬರುವುದು ಅವನ ಕೆಲಸ. ಹಿಂದಿನಿಂದ ಬರುವ ಗ್ಯಾಂಗು ಒಂದು ಫೋಟೋ ತೆಗೆದು ಎತ್ತುವುದು. ಗುರುತಿದ್ದರೆ ಎತ್ತು, ಇಲ್ಲದಿದ್ದರೆ ಬಿಡು, ಯಾರ ಜೊತೆಗೂ ವಾದ ಬೇಡ. ಈ ನಿಯಮ ಬಂದ ಮೇಲೆ ಊರಿನ ಮುಕ್ಕಾಲು ರಸ್ತೆ ಒಂಬತ್ತು ದಿನದಲ್ಲಿ ತೆರೆದುಕೊಂಡಿತ್ತು.

ನಾಲ್ಕನೇ ಗ್ಯಾಂಗಿನ ಫೋಟೋಗಳನ್ನು ಅಲ್ಲೇ ನೋಡಿದರು. ಸೋಮವಾರ ಗೂಡಂಗಡಿ. ಅದಕ್ಕೂ ಮೊದಲು, ಶನಿವಾರ, ಅದೇ ಇಳಿಜಾರು ರಸ್ತೆಯ ಬಸ್ಸು ತಂಗುದಾಣ. ಗಾಳಿಗೆ ಅದರ ಹೆಂಚು ನಾಲ್ಕು ಹಾರಿದ್ದವು, ಅಷ್ಟೇ. ಒಳಗೆ ಕೂತಿದ್ದ ಇಬ್ಬರು ಪ್ರಯಾಣಿಕರು ಎದ್ದು ಪಕ್ಕಕ್ಕೆ ನಿಂತು ದಾರಿ ಬಿಟ್ಟರಂತೆ. ಶುಕ್ರವಾರ, ಅದೇ ರಸ್ತೆಯ ಮೇಲ್ತುದಿಯ ದೊಡ್ಡ ಜಾಹೀರಾತು ಫಲಕ. ಅದರ ಮಾಲೀಕ ಗಾಳಿಯೇ ಒಯ್ದಿತೆಂದುಕೊಂಡಿದ್ದ. ಮೂರಕ್ಕೂ ಇಂಟು ಗುರುತಿತ್ತು. ಮೂರನ್ನೂ ತಾನು ಗುರುತಿಸಿಲ್ಲ ಎಂದು ಗುರುತಿನವನು ದೇವರಾಣೆ ಇಟ್ಟ.

ಮುರಿದ ಬಾಗಿಲೊಂದರ ಮೇಲೆ ಹತ್ತು ಇಂಟು ಹಾಕಲು ಇನ್ಸ್‌ಪೆಕ್ಟರ್ ಅವನಿಗೆ ಹೇಳಿದರು. ಅವನು ಸ್ಪ್ರೇ ಡಬ್ಬಿ ಅಲ್ಲಾಡಿಸಿ ಹಾಕಿದ. ಒಂದು ಕುಂಟುತ್ತಿತ್ತು, ಒಂದು ಮಲಗಿತ್ತು, ಒಂದರ ಕಾಲು ಬಾಗಿಲು ದಾಟಿ ಅವನ ಚಪ್ಪಲಿಯ ಮೇಲೇ ಮುಗಿದಿತ್ತು. ಹತ್ತರಿಂದಲೂ ಬಣ್ಣ ಸೋರುತ್ತಿತ್ತು. ಫೋಟೋದಲ್ಲಿದ್ದ ಇಂಟು ಹಾಗಿರಲಿಲ್ಲ. ನಾಲ್ಕು ತೋಳೂ ಒಂದೇ ಅಳತೆ, ತುದಿಗಳು ಚೊಕ್ಕ, ಒಂದು ತೊಟ್ಟೂ ಸೋರಿರಲಿಲ್ಲ.

“ನನಗೆ ಇಷ್ಟು ಚೆನ್ನಾಗಿ ಬರಲ್ಲ ಸಾರ್,” ಎಂದ ಗುರುತಿನವನು. “ಬೇಕಾದ್ರೆ ನಮ್ಮ ಡ್ರಾಯಿಂಗ್ ಮೇಷ್ಟ್ರನ್ನ ಕೇಳಿ.”

ಈ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲವೇ ಎಂದು ಲಾರಿ ಡ್ರೈವರನನ್ನು ಕೇಳಿದರು. ಬಿತ್ತು ಸಾರ್, ಇವನ ಕೈ ಪಳಗಿತು ಅಂತ ಖುಷಿಪಟ್ವಿ ಎಂದ ಅವನು.

ಸಂಜೆ ನಾಲ್ಕಕ್ಕೆ ನಗರಸಭೆಯ ಕಮಿಷನರರ ಪತ್ರ ಠಾಣೆಗೆ ಬಂತು. ನಾಲ್ಕನೇ ಗ್ಯಾಂಗಿನವರೇ ಬೇಕೆಂದು ಸಾರ್ವಜನಿಕರ ಆಸ್ತಿ ಸಾಗಿಸುತ್ತಿದ್ದಾರೆಂಬ ಅನುಮಾನವಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಬೇರೆ ವಿವರಣೆ ಸಿಗದಿದ್ದರೆ ಗ್ಯಾಂಗಿನ ಹದಿನೆಂಟು ಜನರನ್ನೂ ಮೇಲ್ವಿಚಾರಕಿಯನ್ನೂ ಕೆಲಸದಿಂದ ತೆಗೆಯಲಾಗುವುದು ಎಂದಿತ್ತು. ಪತ್ರದ ಪ್ರತಿ ಹಿಡಿದುಕೊಂಡು ಮೇಲ್ವಿಚಾರಕಿ ತಾನೇ ಬಂದಳು. ಕೂರಿ ಎಂದರೂ ಕೂರಲಿಲ್ಲ.

“ನನ್ನನ್ನ ತೆಗೆದರೆ ತೆಗೀಲಿ ಸಾರ್, ನಿಯಮ ಮಾಡಿದವಳು ನಾನು. ಆದರೆ ಆ ಹದಿನೆಂಟು ಜನರಲ್ಲಿ ಹನ್ನೊಂದು ಜನರ ಮನೆಗೆ ಇನ್ನೂ ಸೂರಿಲ್ಲ. ತಮ್ಮ ಮನೆ ಹಾಗೇ ಬಿಟ್ಟು ಊರಿನ ಕಸ ಎತ್ತುತ್ತಿದಾರೆ. ಅವರನ್ನ ಕಳ್ಳರು ಅನ್ನಿಸಿ ಮನೆಗೆ ಕಳಿಸೋಕೆ ನನಗಾಗಲ್ಲ.”

ಇನ್ಸ್‌ಪೆಕ್ಟರರಿಗೆ ನಿಜಕ್ಕೂ ಸಂಕಟವಾಯಿತು. ಶುಕ್ರವಾರಕ್ಕೆ ಇನ್ನೂ ಸಮಯವಿದೆ ಎಂದರು. ಆ ಮಾತು ತಮಗೇ ಅಷ್ಟಾಗಿ ಸಮಾಧಾನ ಕೊಡಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತು ಮೂವತ್ತೈದು. ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ನೋಡಿದಾಗ ಬಣ್ಣದೊಳಗೆ ಕೂದಲಿನಂಥ ಗೆರೆಗಳು ಕಂಡಿದ್ದವು. ಅಂದರೆ ಸ್ಪ್ರೇ ಅಲ್ಲ, ಕುಂಚ. ಊರಿನಲ್ಲಿ ಫಲಕ ಬರೆಯುವವರು ಮೂವರಿದ್ದರು. ಇಬ್ಬರು ಕುಂಚ ಎಸೆದು ಮುದ್ರಣ ಯಂತ್ರ ಕೊಂಡು ಎಂಟು ವರ್ಷವಾಗಿತ್ತು. ಉಳಿದವರೊಬ್ಬರೇ, ಇಳಿಜಾರು ರಸ್ತೆಯ ನೆತ್ತಿಯಲ್ಲಿದ್ದ ಪೇಂಟರು. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ.

ಅರವತ್ತು ದಾಟಿದ, ತೆಳ್ಳಗಿನ, ಬೆರಳ ಸಂದಿಯಲ್ಲೆಲ್ಲ ಬಣ್ಣ ಕೂತ ಮನುಷ್ಯ. ಪೊಲೀಸರನ್ನು ಕಂಡು ಎದ್ದು ನಿಂತು, ಎರಡು ಸ್ಟೂಲುಗಳ ಧೂಳು ಒರೆಸಿ ಕೊಟ್ಟರು. ಗೋಡೆಯುದ್ದಕ್ಕೂ ಅರ್ಧ ಬರೆದ ಫಲಕಗಳು. ಕುಂಚಗಳು ದಪ್ಪದ ಕ್ರಮದಲ್ಲಿ ಸಾಲಾಗಿ ಸೀಮೆಎಣ್ಣೆಯ ಡಬ್ಬದಲ್ಲಿ ನಿಂತಿದ್ದವು. ಫೋಟೋ ಕೈಗಿತ್ತಾಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಕುಂಚದ ಕೆಲಸ. ಚಪ್ಪಟೆ ಕುಂಚ, ಒಂದೂವರೆ ಇಂಚು.”

“ಯಾರ ಕೈ ಅಂತ ಹೇಳಬಹುದಾ?”

“ಇಂಟು ಗುರುತಲ್ಲಿ ಕೈ ಹೇಗೆ ಗೊತ್ತಾಗುತ್ತೆ ಸಾರ್?”

ಆಗ ದಫೇದಾರರು, ಒಳಗೊಂದು ಹೊರಗೊಂದು ಇಟ್ಟುಕೊಳ್ಳದ ಮನುಷ್ಯ, ನಗರಸಭೆಯ ಗುರುತಿನವನೇ ಹಾಕಿದ್ದೆಂದು ಕಮಿಷನರರು ಹೇಳುತ್ತಿದ್ದಾರೆ ಎಂದುಬಿಟ್ಟರು. ಪೇಂಟರ ಮುಖ ಕೆಂಪಾಯಿತು.

“ಅವನಾ? ಅವನಿಗೆ ಡಬ್ಬಿ ಅಲ್ಲಾಡಿಸೋಕೂ ಬರಲ್ಲ. ಈ ತುದಿ ನೋಡಿ ಸಾರ್, ಗೆರೆ ಹೇಗೆ ಚೊಕ್ಕವಾಗಿ ನಿಂತಿದೆ. ಹೀಗೆ ನಿಲ್ಲಿಸೋಕೆ ಇಪ್ಪತ್ತು ವರ್ಷ ಬೇಕು.”

ಹೇಳಿ, ಬಾಯಿಗೆ ಬೀಗ ಹಾಕಿಕೊಂಡರು. ಮೇಲಿನಿಂದ ಹೆಂಗಸಿನ ದನಿಯೊಂದು ಗಟ್ಟಿಯಾಗಿ, ಏಳು ನಿಮಿಷ ತಡ ಎಂದು ಕೂಗಿತು. ಅಕ್ಕ ಎಂದರು ಪೇಂಟರು. ರೈಲ್ವೆ ಗೇಟಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ನಿವೃತ್ತಿಯಾದ ವರ್ಷವೇ ಬಿದ್ದು ಸೊಂಟ ಮುರಿದುಕೊಂಡು, ಆರು ವರ್ಷದಿಂದ ಹಾಸಿಗೆಯಲ್ಲಿದ್ದಾಳೆ. ಈಗಲೂ ಪ್ರತಿ ಗಾಡಿಯ ಹೊತ್ತು ನೋಡುತ್ತಾಳೆ. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಹೋದ ಮೇಲೆ ತನ್ನನ್ನು ಓದಿಸಿ, ಕೈಗೆ ಕುಂಚ ಕೊಡಿಸಿದವಳು ಅವಳೇ ಎಂದೂ ಹೇಳಿದರು.

ಹೊರಗೆ ಬಂದ ತಕ್ಷಣ ದಫೇದಾರರು, ಇವರೇ ಸಾರ್, ಹಿಡಿದುಬಿಡೋಣ ಎಂದರು. ಹಿಡಿದು ಏನೆಂದು ಬರೆಯುವುದು ಎಂದರು ಇನ್ಸ್‌ಪೆಕ್ಟರ್. ಪೇಂಟರಿಗೂ ಕೀಲಿಕೈಯವನಿಗೂ ಹಗೆಯಿಲ್ಲ. ತಂಗುದಾಣ ಇದ್ದರೆ ಇವರಿಗೇನು, ಹೋದರೇನು. ಇನ್ನು ಆ ಜಾಹೀರಾತು ಫಲಕ: ಫೋಟೋದಲ್ಲಿ ಅದರ ಮೂಲೆಯಲ್ಲಿ ಪೇಂಟರ ರುಜು ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಬರೆದವರು ಅವರೇ. ತಾನು ಬರೆದದ್ದನ್ನು ತಾನೇ ಕಸಕ್ಕೆ ಕಳಿಸುವ ಪೇಂಟರು ಎಲ್ಲಾದರೂ ಇದ್ದಾರೆಯೇ?

ಮಧ್ಯಾಹ್ನ ಠಾಣೆಯ ಗೋಡೆಯ ಮೇಲಿನ ಊರಿನ ನಕ್ಷೆಗೆ ಗುಂಡುಸೂಜಿ ಚುಚ್ಚಿದರು. ಇಳಿಜಾರು ರಸ್ತೆ ಮೇಲಿನಿಂದ ರೈಲು ಹಳಿಯವರೆಗೆ ಎರಡು ಸಲ ಸೊಟ್ಟಗೆ ತಿರುಗುತ್ತದೆ. ಫಲಕ ರಸ್ತೆಯ ಎಡಕ್ಕಿತ್ತು, ತಂಗುದಾಣ ಬಲಕ್ಕೆ, ಗೂಡಂಗಡಿ ಮತ್ತೆ ಎಡಕ್ಕೆ. ನಡೆದು ಹೋಗುವವರಿಗೆ ಅವುಗಳ ನಡುವೆ ಯಾವ ಸಂಬಂಧವೂ ಕಾಣುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಬೆರಳಿಗೆ ಸುತ್ತಿದ್ದ ಕೆಂಪು ದಾರವನ್ನು ಬಿಚ್ಚಿ, ಮೊದಲ ಸೂಜಿಗೆ ಕಟ್ಟಿ ಎಳೆದರು. ದಾರ ಮೂರು ಸೂಜಿಯನ್ನೂ ಮುಟ್ಟಿಕೊಂಡು ನೆಟ್ಟಗೆ ಹೋಯಿತು. ಕೆಳಗೆ ಉದ್ದ ಮಾಡಿದರೆ ರೈಲು ಹಳಿ, ಹಳೆಯ ಗೇಟಿನ ಪಕ್ಕ. ಮೇಲಕ್ಕೆ ಉದ್ದ ಮಾಡಿದರೆ, ಗಾಳಿಗೆ ಬಿದ್ದು ಆರನೇ ದಿನ ನಾಲ್ಕನೇ ಗ್ಯಾಂಗು ನ್ಯಾಯವಾಗಿಯೇ ಎತ್ತಿದ ದೊಡ್ಡ ಮರದ ಬುಡ. ಅದರ ಹಿಂದೆ, ದಾರದ ತುದಿಯಲ್ಲಿ, ಪೇಂಟರ ಮನೆ.

“ಮೇಲಿನ ಕಿಟಕಿ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

ರೈಟರಮ್ಮ ಹತ್ತಿರ ಬಂದು ದಾರವನ್ನೇ ನೋಡಿದಳು. ಹಳಿಗೂ ಕಿಟಕಿಗೂ ನಡುವೆ ಇನ್ನೊಂದೇ ಅಡ್ಡಿ ಉಳಿದಿದೆ ಸಾರ್ ಎಂದು ಬೆರಳಿಟ್ಟು ತೋರಿಸಿದಳು. ಕೆಳಗಿನ ತಿರುವಿನಲ್ಲಿ ಆಳೆತ್ತರದ, ಮರದ ಹಲಗೆಯ ಕಾವಲು ಚೌಕಿಯೊಂದಿತ್ತು. ಬಿರುಗಾಳಿಗೆ ವಾಲಿಕೊಂಡು, ಅಂದಿನಿಂದ ಖಾಲಿ ನಿಂತಿತ್ತು.

“ಸಾರ್,” ಎಂದರು ದಫೇದಾರರು ಗಾಬರಿಯಿಂದ, “ಅದು ನಮ್ಮದು.”

ಗುರುವಾರ ಬೆಳಗಿನ ಐದು ಮುಕ್ಕಾಲಿಗೆ ದಫೇದಾರರು ವಾಲಿದ ಚೌಕಿಯೊಳಗೆ ಊಟದ ಡಬ್ಬಿಯ ಸಮೇತ ಕೂತಿದ್ದರು. ಇನ್ಸ್‌ಪೆಕ್ಟರ್ ಹಾಲಿನ ಅಂಗಡಿಯ ಕ್ರೇಟುಗಳ ಹಿಂದೆ ನಿಂತಿದ್ದರು. ಆಗಲೇ ಬೆಳಕಾಗಿತ್ತು. ಐದು ಐವತ್ತೈದಕ್ಕೆ ಪೇಂಟರು ಬಟ್ಟೆಯ ಚೀಲ ಹಿಡಿದು, ವಾಕಿಂಗ್ ಹೊರಟವರ ಹಾಗೆ ಕೈ ಬೀಸಿಕೊಂಡು ಇಳಿದು ಬಂದರು. ಚೌಕಿಯ ಮುಂದೆ ನಿಂತರು. ಹಿಂದೆ ಮುಂದೆ ನೋಡಿ, ಚೀಲದಿಂದ ಡಬ್ಬಿ ತೆಗೆದು, ಕುಂಚ ಅದ್ದಿ, ಒಂದು ಗೆರೆ ಎಳೆದರು. ಇನ್ನೊಂದು ಎಳೆದರು. ಅಲ್ಲಿಗೇ ಹೊರಟುಬಿಟ್ಟಿದ್ದರೆ ಇನ್ಸ್‌ಪೆಕ್ಟರರ ಮಂಡಿ ಕೈಕೊಟ್ಟಿರುತ್ತಿತ್ತೋ ಏನೋ. ಆದರೆ ಪೇಂಟರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ತೃಪ್ತಿಯಾಗದೆ ಕೆಳಗಿನ ಬಲತುದಿಯನ್ನು ತಿದ್ದಲು ಮತ್ತೆ ಬಂದರು. ಆ ಅರ್ಧ ನಿಮಿಷದಲ್ಲಿ ಇನ್ಸ್‌ಪೆಕ್ಟರ್ ರಸ್ತೆ ದಾಟಿದರು.

“ಸಾಕು ಪೇಂಟರೇ. ಚೆನ್ನಾಗಿದೆ.”

ಪೇಂಟರ ಕೈ ನಿಂತಿತು. ತಿರುಗಿ ನೋಡಲಿಲ್ಲ.

“ಈ ತುದಿ ಒಂಚೂರು ಉಳಿದಿದೆ ಸಾರ್. ಮುಗಿಸಿಬಿಡ್ತೀನಿ.”

ಮುಗಿಸಿದರು. ಕುಂಚವನ್ನು ಬಟ್ಟೆಯಲ್ಲಿ ಒರೆಸಿದರು. ಚೌಕಿಯ ಬಾಗಿಲು ಕಿರುಗುಟ್ಟಿ ತೆರೆದು ದಫೇದಾರರು ಹೊರಬಂದಾಗ ಮಾತ್ರ ಬೆಚ್ಚಿಬಿದ್ದು, ಅಯ್ಯೋ, ಒಳಗೆ ಜನ ಇದ್ದಾರೆ ಅಂತ ಗೊತ್ತಿರಲಿಲ್ಲ ಎಂದು ಕೈಮುಗಿದರು. ಬಂಧನದ ಸಮಯ ಆರು ಗಂಟೆ ಎರಡು ನಿಮಿಷ. ಪಂಚರ ಸಮಕ್ಷಮ ಒಂದೂವರೆ ಇಂಚಿನ ಚಪ್ಪಟೆ ಕುಂಚ ಒಂದು, ಕಿತ್ತಳೆ ಬಣ್ಣದ ಡಬ್ಬಿ ಒಂದು ಜಪ್ತಿಯಾದವು. ಸೈಕಲ್‌ನವನೇ ಮತ್ತೆ ಪಂಚನಾದ. ಈ ಸಲ ಅವನು ಯಾವ ಗಾಡಿಯನ್ನೂ ನಿಲ್ಲಿಸಲಿಲ್ಲ.

ಠಾಣೆಯಲ್ಲಿ ಪೇಂಟರು ಏನನ್ನೂ ಮುಚ್ಚಿಡಲಿಲ್ಲ.

“ಯಾಕೆ ಮಾಡಿದ್ರಿ?”

“ಗೇಟಿನ ಕೆಲಸ ಏನು ಗೊತ್ತಾ ಸಾರ್? ಗಾಡಿ ಬಂದರೆ ಹಸಿರು ಬಾವುಟ ಹಿಡಿದು ನಿಲ್ಲಬೇಕು. ಕೊನೆ ಡಬ್ಬಿ ಹೋಗೋವರೆಗೂ ನೋಡಬೇಕು. ಗಾರ್ಡು ತನ್ನ ಬಾವುಟ ತೋರಿಸ್ತಾನೆ. ಆಗ ಗಾಡಿ ಪೂರ್ತಿ ಹೋಯ್ತು ಅಂತ. ನಮ್ಮಕ್ಕ ಮೂವತ್ತೊಂದು ವರ್ಷ ಒಂದು ಗಾಡಿನೂ ಅರ್ಧಕ್ಕೆ ಬಿಟ್ಟವಳಲ್ಲ.”

ಆರು ವರ್ಷ ಅವಳು ಗಾಡಿಗಳನ್ನು ಬರೀ ಕೇಳಿಸಿಕೊಂಡಿದ್ದಳು. ಗಾಳಿಗೆ ಮರ ಬಿತ್ತು. ಗ್ಯಾಂಗು ಅದನ್ನು ಎತ್ತಿದ ದಿನ, ಫಲಕದ ಮೇಲ್ಗಡೆ ರೈಲಿನ ಡಬ್ಬಿಗಳ ನೆತ್ತಿ ಕಂಡಿತೆಂದು ಅಕ್ಕ ಚಪ್ಪಾಳೆ ತಟ್ಟಿದಳು. ಪೇಂಟರು ತಮ್ಮ ಫಲಕವನ್ನೇ ನೋಡುತ್ತ ಒಂದು ರಾತ್ರಿ ನಿದ್ದೆಗೆಟ್ಟರು. ಮಾರನೇ ಬೆಳಿಗ್ಗೆ ಇಂಟು ಹಾಕಿದರು. ಫಲಕ ಹೋದ ಮೇಲೆ ಡಬ್ಬಿಗಳ ಕಿಟಕಿ ಕಂಡವು. ತಂಗುದಾಣ ಹೋಗಿ ಬಾಗಿಲು ಕಂಡವು. ಗೂಡಂಗಡಿ ಮುಚ್ಚಿಯೇ ಇತ್ತು, ಬಿಟ್ಟುಹೋಗಿದ್ದಾರೆ ಎಂದುಕೊಂಡರು. ಉಳಿದದ್ದು ಚೌಕಿಯೊಂದೇ. ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ಗಾರ್ಡು ನಿಲ್ಲುವ ಎತ್ತರಕ್ಕೆ ಸರಿಯಾಗಿ ಅದು ಅಡ್ಡ ಬರುತ್ತಿತ್ತು.

ಅಕ್ಕನಿಗೆ ಇದು ಗೊತ್ತೇ ಎಂದು ಕೇಳಿದರು. ಗೊತ್ತಾಗಿದ್ದರೆ ನಿಮಗಿಂತ ಮೊದಲು ಅವಳೇ ಹಿಡಿದುಕೊಡುತ್ತಿದ್ದಳು ಎಂದರು ಪೇಂಟರು. ಆಮೇಲೆ ಇನ್ಸ್‌ಪೆಕ್ಟರ್ ಹದಿನೆಂಟು ಜನರ ವಿಷಯ ಹೇಳಿದರು. ಪೇಂಟರು ಇದನ್ನು ಕೇಳಿರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಎಲ್ಲಿ ರುಜು ಹಾಕಬೇಕು ಹೇಳಿ, ಈಗಲೇ ಹಾಕುತ್ತೇನೆ ಎಂದರು. ಒಂಬತ್ತಕ್ಕೆ ವರದಿ ನಗರಸಭೆಗೆ ಹೋಯಿತು. ಒಂಬತ್ತೂಮುಕ್ಕಾಲಿಗೆ ಕಮಿಷನರರ ಉತ್ತರ: ನಾಲ್ಕನೇ ಗ್ಯಾಂಗೂ ಮೇಲ್ವಿಚಾರಕಿಯೂ ಕೆಲಸ ಮುಂದುವರಿಸತಕ್ಕದ್ದು. ಮೈದಾನದಲ್ಲಿ ಆಕೆ ಸೀಟಿಯನ್ನು ಒಂದು ನಿಮಿಷ ಬಿಡದೆ ಊದಿದಳಂತೆ. ಲಾರಿಗಳೆಲ್ಲ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟವಂತೆ.

ಬಂಧನದ ವಿಷಯವನ್ನು ಆರೋಪಿಯ ಸಂಬಂಧಿಕರಿಗೆ ತಿಳಿಸಿ ರುಜು ಪಡೆಯಬೇಕೆಂಬುದು ಕಾನೂನು. ಹತ್ತೂಕಾಲಿಗೆ ಇನ್ಸ್‌ಪೆಕ್ಟರ್, ದಫೇದಾರ್, ಪೇಂಟರು ಮೂವರೂ ಮಹಡಿ ಹತ್ತಿದರು. ಕಿಟಕಿಗೆ ತಾಗಿಸಿದ ಮಂಚ, ಗೋಡೆಯ ಮೇಲೆ ದೊಡ್ಡ ಗಡಿಯಾರ, ದಿಂಬಿನ ಪಕ್ಕ ಸುತ್ತಿಟ್ಟ ಬಾವುಟ. ಅಕ್ಕ ಬಿಳಿಗೂದಲನ್ನು ಬಿಗಿಯಾಗಿ ಕಟ್ಟಿ, ಡ್ಯೂಟಿಗೆ ಹೊರಟವರಂತೆ ಒರಗಿ ಕೂತಿದ್ದರು. ಯೂನಿಫಾರ್ಮು ನೋಡಿ ಸಂತೋಷಪಟ್ಟರು. ಈ ನಗರಸಭೆಯವರು ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ, ದಿನಕ್ಕೊಂದು ಅಡ್ಡಿ ತೆಗೆಯುತ್ತಿದ್ದಾರೆ, ಮೇಲಿನವರಿಗೆ ತಿಳಿಸಿ ಎಂದರು.

ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಕ್ಕ ತಮ್ಮನ ಮುಖ ನೋಡಿದರು. ತಮ್ಮ ನೆಲ ನೋಡಿದರು.

“ಗೇಟು ಹಾಕಿದ ಮೇಲೆ ಹಾಕಿದ್ದೇ. ಡಿಸ್ಟ್ರಿಕ್ಟ್ ಜಡ್ಜು ಬಂದು ಹಾರನ್ ಹೊಡೆದರೂ ನಾನು ತೆಗೆದವಳಲ್ಲ,” ಎಂದರು ಅಕ್ಕ. “ಅಂಥವಳ ತಮ್ಮ ನೀನು, ಬೇರೆಯವರ ಅಂಗಡಿ ಎತ್ತಿಸಿದೆಯಾ?”

“ತಪ್ಪಾಯ್ತು ಅಕ್ಕ.”

“ಕರ್ಕೊಂಡು ಹೋಗಿ ಸಾರ್. ಜಾಮೀನು ಕೊಟ್ಟರೆ ಮೊದಲು ಆ ಕೀಲಿಕೈಯವನಿಗೆ ಹೊಸ ಅಂಗಡಿ ಕಟ್ಟಿಕೊಡಲಿ, ಬಣ್ಣ ಬಳಿದುಕೊಡಲಿ. ಆಮೇಲೆ ಮನೆಗೆ ಬರಲಿ.”

ಕಾಗದಕ್ಕೆ ರುಜು ಹಾಕಿ ಕಿಟಕಿಯ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. ನಿನ್ನೆ ಬಾಗಿಲಲ್ಲಿ ನಿಂತವರ ಮುಖವೂ ಕಾಣಿಸಿತ್ತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡರು.

ಅದೇ ಹೊತ್ತಿಗೆ ಇನ್ಸ್‌ಪೆಕ್ಟರರ ಫೋನು ಬಡಿದುಕೊಂಡಿತು. ಮೇಲ್ವಿಚಾರಕಿ. ಕಿಟಕಿಯಿಂದ ನೋಡಿದರೆ ಕೆಳಗಿನ ತಿರುವಿನಲ್ಲಿ ಅವಳೇ ಕಂಡಳು. ಹಿಂದೆ ನಾಲ್ಕನೇ ಗ್ಯಾಂಗು, ಲಾರಿ, ಪಂಜದ ಯಂತ್ರ. ನಡುವೆ ಯಾವ ಅಡ್ಡಿಯೂ ಇರಲಿಲ್ಲ, ಚೌಕಿಯೊಂದರ ಹೊರತು.

“ಸಾರ್, ಚೌಕಿ ಮೇಲೆ ಇಂಟು ಇದೆ. ನೋಡಿದರೆ ಭಯ ಆಗುತ್ತೆ, ಅಷ್ಟು ಚೆನ್ನಾಗಿದೆ. ನಾವು ಮುಟ್ಟಿಲ್ಲ.”

ಚೌಕಿ ಉಪಯೋಗಕ್ಕೆ ಬಾರದು, ಬೀಳುವ ಮೊದಲು ತೆಗೆಯುವುದು ಎಂದು ಎಂಜಿನಿಯರು ಬಿರುಗಾಳಿಯ ನಾಲ್ಕನೇ ದಿನವೇ ಬರೆದು ಕೊಟ್ಟಿದ್ದರು. ಆ ಕಡತ ಇನ್ಸ್‌ಪೆಕ್ಟರರ ಮೇಜಿನ ಮೇಲೆಯೇ ಇತ್ತು. ಅದನ್ನು ಕಟ್ಟಿದ್ದ ಕೆಂಪು ದಾರ ನಿನ್ನೆಯಿಂದ ನಕ್ಷೆಯ ಮೇಲಿತ್ತು. ಅವರು ಕಿಸೆಯಿಂದ ಹಾಳೆ ತೆಗೆದು, ಕಿಟಕಿಯ ಕಟ್ಟೆಯ ಮೇಲಿಟ್ಟು, ಇಲಾಖೆಯ ವತಿಯಿಂದ ಅನುಮತಿ ಬರೆದು ರುಜು ಹಾಕಿ ದಫೇದಾರರ ಕೈಗೆ ಕೊಟ್ಟರು. ದಫೇದಾರರು ಪೇಂಟರನ್ನೂ ಕರೆದುಕೊಂಡು ಇಳಿದರು.

ಕೆಳಗೆ ಮೇಲ್ವಿಚಾರಕಿ ಚೀಟಿ ಎರಡು ಸಲ ಓದಿದಳು. ಆದರೂ ಒಪ್ಪಲಿಲ್ಲ. ಇನ್ನು ಮೇಲೆ ಗುರುತಿನವನ ಸ್ವಂತ ಗುರುತೇ ಗುರುತು ಎಂದಳು. ಅವನು ಬಂದು, ಡಬ್ಬಿ ಅಲ್ಲಾಡಿಸಿ, ಪೇಂಟರ ಇಂಟುವಿನ ಪಕ್ಕ ತನ್ನದೊಂದು ಹಾಕಿದ. ಅದು ಕುಂಟಿತು, ಸೋರಿತು, ಹಲಗೆಯಾಚೆ ಗಾಳಿಯಲ್ಲಿ ಮುಗಿಯಿತು. ಪೇಂಟರು ಹಲ್ಲುನೋವು ಬಂದವರಂತೆ ಮುಖ ಕಿವುಚಿಕೊಂಡು, ಇದನ್ನು ನಕಲು ಮಾಡಲು ತನ್ನ ಕೈಯಿಂದ ಸಾಧ್ಯವೇ ಇಲ್ಲ ಎಂದರು. ಅದೇ ನನಗೆ ಬೇಕಾದ್ದು ಎಂದಳು ಮೇಲ್ವಿಚಾರಕಿ. ಹದಿನೆಂಟು ಜನ ಒಟ್ಟಿಗೆ ನಕ್ಕದ್ದು ಮಹಡಿಯವರೆಗೂ ಕೇಳಿಸಿತು.

ಒಂದು ಫೋಟೋ ತೆಗೆದರು. ಪಂಜ ಇಳಿಯಿತು, ಚೌಕಿ ಎದ್ದಿತು. ದಫೇದಾರರು ಒಮ್ಮೆಲೇ ಕೈಯೆತ್ತಿ ಕೂಗಿದರು. ಅವರ ಊಟದ ಡಬ್ಬಿ ಒಳಗೇ ಉಳಿದಿತ್ತು. ಗುರುತಿದ್ದ ಮೇಲೆ ವಾದವಿಲ್ಲ. ಲಾರಿ ಹೊರಟಿತು, ಹಿಂದೆ ದಫೇದಾರರು ಸ್ವಲ್ಪ ದೂರ ಓಡಿದರು.

ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು. ನಲವತ್ತೆರಡು. ನಲವತ್ತಮೂರು. ದೂರದಲ್ಲಿ ಹಳಿ ಗುನುಗಿತು. ಎಂಜಿನ್ ಬಂತು, ಡಬ್ಬಿಗಳು ಬಂದವು, ನೆತ್ತಿಯಿಂದ ಚಕ್ರದವರೆಗೆ ಪೂರ್ತಿಯಾಗಿ. ಅಕ್ಕ ಬಾವುಟದ ಸುತ್ತು ಬಿಚ್ಚಿ, ಮೊಣಕೈಯೂರಿ ಮೇಲೆದ್ದು, ಕಿಟಕಿಯಾಚೆ ಕೈ ಚಾಚಿದರು. ಹಸಿರು ಮಾಸಿ ಬೂದಿಯಾದ ಬಟ್ಟೆ. ಬೀಳದ ಹಾಗೆ ಇನ್ಸ್‌ಪೆಕ್ಟರ್ ಅವರ ಬೆನ್ನಿಗೆ ಕೈ ಕೊಟ್ಟರು.

ಕೊನೆಯ ಡಬ್ಬಿಯ ಮೆಟ್ಟಿಲಲ್ಲಿ ಗಾರ್ಡು ಹೊರಗೆ ಬಾಗಿ ನಿಂತಿದ್ದ. ಹಳೆಯ ಗೇಟಿನ ಹತ್ತಿರ ಈಗ ಯಾರೂ ನಿಲ್ಲುವುದಿಲ್ಲ. ಅವನು ಅತ್ತ ನೋಡಿದ, ಇತ್ತ ನೋಡಿದ. ಇಳಿಜಾರಿನ ನೆತ್ತಿಯ ಮನೆಯ ಕಿಟಕಿಯಲ್ಲಿ ಬಾವುಟ ಕಂಡಿರಬೇಕು. ಒಂದು ಕ್ಷಣ ತಡೆದು, ಅಭ್ಯಾಸ ಬಿಡದ ಕೈ ತಾನಾಗಿಯೇ ಎದ್ದಿತು. ಅವನ ಹಸಿರು ಬಾವುಟ ಎರಡು ಸಲ ಬೀಸಿ ತಿರುವಿನಲ್ಲಿ ಮರೆಯಾಯಿತು.

ಅಕ್ಕ ಬಾವುಟವನ್ನು ನಿಧಾನವಾಗಿ ಸುತ್ತಿದರು.

“ಬರ್ಕೊಳ್ಳಿ ಸಾರ್,” ಎಂದರು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಆರೋಪಿಯ ಉದ್ದೇಶವೇನು ಎಂಬ ಅಂಕಣ ಬೆಳಗಿನಿಂದ ಖಾಲಿಯಿತ್ತು. ಏನು ಬರೆದರೂ ಹೆಚ್ಚೋ ಕಡಿಮೆಯೋ ಆಗುತ್ತಿತ್ತು. ಗಡಿಯಾರ ನೋಡಿ, ಅಲ್ಲಿ ಬರೆದರು: ಗುರುವಾರ, ಹತ್ತು ನಲವತ್ತನಾಲ್ಕು. ನಾಲ್ಕು ನಿಮಿಷ ತಡ. ಗಾಡಿ ಪೂರ್ತಿ ಹೋಗಿದೆ.